ಇಲ್ಲದ ಬಾಣ ಬರೆಯಲಾರೆ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ನಾನು ಬರೆದದ್ದು ಎತ್ತೋ ಆಡೋ ತಿಳಿಯಬೇಕಾದರೆ ಕೆಳಗೆ ಹೆಸರು ಓದಬೇಕು. ಆದರೂ ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಂದವರೆಲ್ಲರ ಕಣ್ಣಿಗೆ ಬೀಳುವಂತೆ, ನನ್ನದೊಂದು ಚಿತ್ರ ಅಂಟಿಕೊಂಡಿದೆ. ತೆಗೆ ಅಂದವರಿದ್ದಾರೆ. ತೆಗೆದಿಲ್ಲ.

ನಾನು ಲಿಂಬೆ ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ಲಿಂಬೆ ನನ್ನ ತವರು ಇಂಡಿಯಿಂದ ಬಸ್ಸಿನಲ್ಲಿ ಬರುತ್ತದೆ. ನಮ್ಮಂಥ ಹೆಂಗಸರಿಗೆ ವ್ಯಾಪಾರ ಕಲಿಸಲು ಒಬ್ಬ ಹುಡುಗಿ ಬಂದಿದ್ದಳು. ನೂರು ಮಾತಿನ ವಿಷಯವನ್ನು ಒಂದೇ ನೋಟಕ್ಕೆ ತಿಳಿಯುವಂತೆ ಹಾಳೆಯ ಮೇಲೆ ಜೋಡಿಸುವುದು ಹೇಗೆ ಎಂಬುದರ ಮೇಲೆ ಅವಳ ಸಂಶೋಧನೆಯಂತೆ. ಲಾಭ-ನಷ್ಟದ ಪಾಠಕ್ಕೆ ನಾವು ಕಾದು ಕುಳಿತರೆ ಅವಳು ಬಣ್ಣದ ಕಡ್ಡಿ ಹಂಚಿದಳು.

“ನಿಮ್ಮ ವ್ಯಾಪಾರ ಹೆಂಗ ನಡೀತೈತಿ, ಚಿತ್ರ ತೆಗೀರಿ. ಯಾರಿಂದ ಯಾರಿಗೆ ಏನು ಹೋಗ್ತೈತಿ, ಬಾಣ ಹಾಕ್ರಿ. ಚಂದ ಇರಬೇಕಂತಿಲ್ಲ, ಖರೇ ಇರಬೇಕು.”

ಮೊದಲು ನಗು ಬಂತು. ಆಮೇಲೆ ಅಜ್ಜಿಯ ಮನೆಯ ಯಮಲೋಕದ ಪಟ ನೆನಪಾಯಿತು. ಯಾವ ಪಾಪಕ್ಕೆ ಎಣ್ಣೆಯ ಕೊಪ್ಪರಿಗೆ, ಯಾವುದಕ್ಕೆ ಗರಗಸ, ಅಕ್ಷರ ಬಾರದ ವಯಸ್ಸಿನಲ್ಲೇ ನನಗೆ ಬಾಯಿಪಾಠವಾಗಿತ್ತು. ಬೆಲ್ಲ ಕದ್ದವರಿಗೆ ಏನೆಂದು ಮಾತ್ರ ಅದರಲ್ಲಿರಲಿಲ್ಲ, ದೇವರು ದೊಡ್ಡವನು.

ನಡುವೆ ಭರಣಿ ಬರೆದೆ. ದೇವರ ಜಗಲಿ ಬರೆದು, ಅಲ್ಲಿಂದ ಭರಣಿಗೆ ಸಾಲಾಗಿ ಬಾಣ ಎಳೆದೆ.

“ಅಕ್ಕಾರ, ದೇವರ ಕಡಿಂದ ಇಷ್ಟ್ಯಾಕ್ರಿ?” ಎಂದಳು ಹುಡುಗಿ.

“ಲಿಂಬಿ ಬಿಸಲಿಗೆ ಇಟ್ಟ ದಿನ ಮೋಡ ಆಗಲಿಲ್ಲ. ಕಂಡಕ್ಟರ್ ಚೀಲಕ್ಕ ಜಾಗಾ ಕೊಟ್ಟ. ಒಂದ್ ಭರಣೀನೂ ಕೆಡಲಿಲ್ಲ. ಇವನ್ನೆಲ್ಲಾ ಯಾರ ಹೆಸರಿಗೆ ಹಚ್ಚಲವ್ವಾ?”

“ಹಂಗಾದ್ರ ಇರಲಿ ಬಿಡ್ರಿ” ಎಂದಳು. ಖರೇ ಇರಬೇಕು ಅಂದವಳು ಅವಳೇ ಅಲ್ಲವೆ?

ಕೊನೆಗೆ ನಮ್ಮ ಮನೆಯವರನ್ನು ಬರೆದೆ. ಕುರ್ಚಿಯ ಮೇಲೆ ಕೂಡಿಸಿದೆ. ಅವರು ಇರುವುದೇ ಅಲ್ಲಿ. ಚಹಾದ ಬಾಣ ಅವರ ಕಡೆ ಹೋಯಿತು, ಊಟದ್ದು ಹೋಯಿತು, ಮಡಚಿದ ಅಂಗಿಯದೂ ಹೋಯಿತು. ಅವರಿಂದ ಹೊರಡುವ ಬಾಣಕ್ಕಾಗಿ ಕಡ್ಡಿ ಹಿಡಿದು ಬಹಳ ಹೊತ್ತು ಯೋಚಿಸಿದೆ. ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಬೈಯುವುದಿಲ್ಲ, ಅದಕ್ಕೆ ದಿನಾ ದೇವರಿಗೆ ಕೈಮುಗಿಯುತ್ತೇನೆ. ಆದರೆ ಮಾಡದೇ ಇದ್ದದ್ದಕ್ಕೆ ಬಾಣ ಹಾಕುವುದು ಹೇಗೆ? ಆಗಲೇ ಇನ್ನೊಂದು ಕಂಡಿತು: ಬಸ್ ನಿಲ್ದಾಣದಿಂದ ಮನೆಯತನಕ ಲಿಂಬೆಯ ಚೀಲ ತರುವ ಬಾಣವೂ ನಾನೇ. ನನ್ನ ಹೆಗಲು ಸೋತಿದೆ. ಈ ಬಾಣ ಬೇರೆಯವರದಾಗದಿದ್ದರೆ ಭರಣಿ ಖಾಲಿ ಬೀಳುತ್ತದೆ. ಸದ್ಯಕ್ಕೆ ಅದನ್ನೂ ನನ್ನಿಂದಲೇ ಎಳೆದು, ಹಾಳೆಯನ್ನು ಮನೆಗೆ ತಂದು ಪಡಸಾಲೆಯ ಗೋಡೆಗೆ ಅಂಟಿಸಿದೆ.

ಸಿಂದಗಿಯಿಂದ ಬಂದ ಮನೆಯವರ ಅಕ್ಕ ಚಪ್ಪಲಿ ಬಿಡುವ ಮೊದಲೇ ಚಿತ್ರ ನೋಡಿದರು. “ಇವ ಯಾರವ್ವಾ, ಗಣಪತಿ ಕುಂತಂಗ ಕುಂತಾನ? ಎಲ್ಲಾ ನೈವೇದ್ಯ ಅವನ ಕಡೀಗೇ ಹೊಂಟೈತಿ!”

“ನಿಮ್ಮ ತಮ್ಮಾರ್ರಿ, ಅಕ್ಕಾರ.”

ಅವರ ನಗು ಓಣಿಗೆಲ್ಲ ಕೇಳಿಸಿತು. ನಕ್ಕು ಮುಗಿದ ಮೇಲೆ ನನ್ನನ್ನು ಒಳಗೆ ಕರೆದು, “ಗಂಡನ ಮಾತು ಗ್ವಾಡಿಗೆ ಹಚ್ಚಬಾರದವ್ವಾ, ತಗದ್ಬಿಡು” ಎಂದು ಬುದ್ಧಿ ಹೇಳಿದರು. ಅವರು ಹೋದ ಮೇಲೆ ಮನೆಯವರೂ ಎದ್ದರು.

“ಮಂದಿ ಮುಂದ ನನ್ನ ಮರ್ಯಾದಿ ತಗ್ಯಾಕ ಹಚ್ಚೀ ಏನು? ಕಿತ್ತು ಹಾಕು. ಇಲ್ಲಾಂದ್ರ ನನ್ನ ಕಡಿಂದ ಒಂದರ ಬಾಣ ಹಾಕು.”

“ಯಾವುದಂತ ಹಾಕ್ಲಿರಿ?”

“ಏನರ ಒಂದು! ಆಶೀರ್ವಾದದ್ದು ಹಾಕು.”

“ಅದು ಜಗಲಿ ಕಡಿಂದ ಆಗಲೇ ಬಂದೈತ್ರಿ.”

ನಾಲ್ಕು ಜನರಲ್ಲಿ ಕುಳಿತಾಗ “ಎಲ್ಲಾ ಇವರ ಬೆಂಬಲದಿಂದ” ಎಂದು ಬಾಯಲ್ಲಿ ಎಷ್ಟೋ ಬಾಣ ಬಿಟ್ಟಿದ್ದೇನೆ. ಬಾಯಲ್ಲಿ ಹೋದದ್ದು ಗಾಳಿಗೆ ಹೋಗುತ್ತದೆ. ಹಾಳೆಯ ಮೇಲೆ ಹಾಗಲ್ಲ. ಅದೇ ಹಾಳೆಯಲ್ಲಿ ನನ್ನ ದೇವರೂ ಇದ್ದಾನೆ. ಅವನ ಪಕ್ಕದಲ್ಲಿ ಸುಳ್ಳು ಬರೆಯಲಾರೆ. ಮನೆಯ ಶಾಂತಿಗಾಗಿ ಎಂದರೂ ಬರೆಯಲಾರೆ. ಮೂರು ಹೊತ್ತು ಚಹಾ ಕೊಟ್ಟೆ, ಬಾಣ ಕೊಡಲಿಲ್ಲ.

ಮುಂದಿನ ವಾರ ಇಂಡಿಯ ಬಸ್ಸಿನ ಹೊತ್ತಿಗೆ ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಬರುವಾಗ ಹೆಗಲ ಮೇಲೆ ಲಿಂಬೆಯ ಚೀಲ. ಬಾಗಿಲಲ್ಲಿ ಇಳಿಸಿ, ಬೆವರು ಒರೆಸಿಕೊಂಡು, ಚಿತ್ರದ ಮುಂದೆ ನಿಂತರು.

“ಹಾಕು ಈಗ.”

ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಹಾಕಿದೆ. ಪೆನ್ಸಿಲ್ಲಿನಲ್ಲಿ.

“ಬಣ್ಣದ್ಲೆ ಯಾಕ ಹಾಕಲಿಲ್ಲ?”

“ಇದು ಒಂದ ಚೀಲ ಐತ್ರಿ. ಇನ್ನೂ ನಾಕ್ ಚೀಲ ಬರ್ಲಿ.”