ನಾನು ಜಗ್ಗಿದ ಹಗ್ಗ

ಹಳೆಯ ಬೋಟು ಇಂಜಿನ್ನುಗಳ ಹುಚ್ಚು ಹಿಡಿದವರು ನಮ್ಮ ಕಡೆ ಎಷ್ಟು ಜನ ಎಂದು ಯಾರಾದರೂ ಕೇಳಿದರೆ, ಎಣಿಸಲು ಒಂದು ಕೈಯ ಬೆರಳೇ ಹೆಚ್ಚು. ಮುಧೋಳದವರೊಬ್ಬರು, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಮಹಾಲಿಂಗಪುರದ ಒಬ್ಬ ಬೆಲ್ಲದ ವ್ಯಾಪಾರಿ. ಬೀಳಗಿ ಕಡೆಯ ಒಬ್ಬ ಮೀನುಗಾರ. ಮತ್ತು ನನ್ನ ಅಣ್ಣ. ಈ ಲೆಕ್ಕದಲ್ಲಿ ನಾನಿಲ್ಲ. ನಾನು ಬನಹಟ್ಟಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನು. ಅಣ್ಣನನ್ನೂ ಅವನ ಇಂಜಿನ್ನನ್ನೂ ಟಂಟಂ ಆಟೋದಲ್ಲಿ ಹೇರಿಕೊಂಡು ಹೋಗಿ, ಸಂಜೆ ಇಬ್ಬರನ್ನೂ ಮನೆಗೆ ಮುಟ್ಟಿಸುವುದಷ್ಟೇ ನನ್ನ ಕೆಲಸವಾಗಿತ್ತು.

ತಿಂಗಳಿಗೊಂದು ರವಿವಾರ ಇವರೆಲ್ಲ ಬೀಳಗಿಯ ಆಚೆ ಹಿನ್ನೀರಿನ ದಂಡೆಯಲ್ಲಿ ಸೇರುತ್ತಿದ್ದರು. ನೀರು ತುಂಬಿದ ದಿನಗಳಲ್ಲಿ ಅಲ್ಲಿ ಹೊಳೆ ಎನ್ನುವುದೇ ಕಾಣುವುದಿಲ್ಲ, ದೊಡ್ಡ ಕೆರೆಯೊಂದು ಬಿದ್ದುಕೊಂಡ ಹಾಗಿರುತ್ತದೆ. ಮೀನುಗಾರನ ಬೋಟಿನ ಹಿಂದಿನ ಹಲಗೆಗೆ ಒಬ್ಬೊಬ್ಬರ ಇಂಜಿನ್ನನ್ನು ಸರದಿಯಂತೆ ತಿರುಪು ಹಾಕಿ ಬಿಗಿಯುವುದು, ಚಾಲೂ ಮಾಡುವುದು, ಒಂದು ಸುತ್ತು ಹೊಡೆದು ಬರುವುದು, ಆಮೇಲೆ ಬೆಲ್ಲದ ಚಹಾ. ಇದಿಷ್ಟಕ್ಕೆ ಬೆಳಿಗ್ಗೆಯಿಂದ ಸಂಜೆ. ಇಷ್ಟು ದೊಡ್ಡ ಮಂದಿ ಹೀಗೆ ಒಂದು ದಿನ ಹಾಳು ಮಾಡುವುದನ್ನು ನೋಡಿ ನಾನು ಮೊದಮೊದಲು ಕೂತಲ್ಲೇ ಕುದಿಯುತ್ತಿದ್ದೆ.

ಆ ಹಳೆಯ ಇಂಜಿನ್ನುಗಳಿಗೆ ಸ್ವಿಚ್ ಇಲ್ಲ. ತಲೆಯ ಮೇಲೆ ಒಂದು ಚಕ್ರ ಇರುತ್ತದೆ. ಒಂದು ತುದಿಗೆ ಗಂಟು, ಇನ್ನೊಂದು ತುದಿಗೆ ಹಿಡಿಕೆ ಇರುವ ಹಗ್ಗವನ್ನು ಅದಕ್ಕೆ ಸುತ್ತಿ ಜಗ್ಗಬೇಕು. ಜಗ್ಗಿದರೆ ಹಗ್ಗ ಪೂರ್ತಿ ಬಿಚ್ಚಿ ಕೈಗೆ ಬರುತ್ತದೆ. ಇಂಜಿನ್ ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಸುತ್ತಬೇಕು. ಈ ಹಗ್ಗದ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಯಾರ ಇಂಜಿನ್ನೋ ಹಗ್ಗ ಅವರದೇ. ಅವರಾಗಿ ಹಗ್ಗವನ್ನು ಕೈಗೆ ಕೊಡುವವರೆಗೆ ಬೇರೆಯವರು ಮುಟ್ಟುವ ಹಾಗಿಲ್ಲ, ಹೀಗೆ ಮಾಡು ಹಾಗೆ ಮಾಡು ಎಂದು ಬಾಯಿ ಹಾಕುವ ಹಾಗೂ ಇಲ್ಲ. ಒಮ್ಮೆ ಬೆಲ್ಲದ ವ್ಯಾಪಾರಿ ಒಂದು ತಾಸು ಜಗ್ಗಿದರು. ಅಂಗಿ ಬೆನ್ನಿಗೆ ಅಂಟಿತು, ಮುಖ ಕೆಂಪಾಯಿತು. ಉಳಿದವರು ಚುರಮುರಿ ತಿನ್ನುತ್ತ ಆಕಾಶ ನೋಡಿಕೊಂಡು ಕುಳಿತಿದ್ದರು. ಇಂಜಿನ್ ಹಿಡಿಯುವವರೆಗೆ ಚಹಾ ಸೋಸಲಿಲ್ಲ. ನಾನು ತಡೆಯಲಾರದೆ ಎದ್ದು ನಿಂತಾಗ ಫಿಟ್ಟರ್ ಕಾಕಾ ನನ್ನ ಅಂಗಿ ಹಿಡಿದು ಕೂರಿಸಿದ್ದರು.

ಅಣ್ಣನಿಗೆ ಈ ಇಂಜಿನ್ ಹವ್ಯಾಸವಲ್ಲ. ಹೊಳೆಗೆ ಸೇತುವೆಗಳಾಗಿ ಜನ ಬಸ್ಸು ಹತ್ತುವವರೆಗೆ ಅವನು ತುಬಚಿ ಕಡೆ ಇದೇ ಇಂಜಿನ್ನಿನ ಬೋಟಿನಲ್ಲಿ ಕೃಷ್ಣೆ ದಾಟಿಸುತ್ತಿದ್ದ. ನಾನು ಆಗ ಸೀರೆಯ ಗಂಟು ಕಟ್ಟಿಕೊಂಡು ಆಚೆ ದಂಡೆಯ ಹಳ್ಳಿಗಳಿಗೆ ಮಾರಲು ಹೋಗುತ್ತಿದ್ದೆ. ಪೆಟ್ರೋಲಿನ ವಾಸನೆ ಸೀರೆಗೆ ಹತ್ತುತ್ತದೆಂದು ಬೋಟಿನ ಮುಂದಿನ ತುದಿಯಲ್ಲಿ, ಇಂಜಿನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದೆ. "ಸಾವಕಾರ, ಗಂಟು ಗಟ್ಟಿ ಹಿಡಿ. ನೀರಾಗ ಬಿದ್ರ ಮೀನ ಸೀರಿ ಉಟಗೊಂಡ ಓಡತಾವು" ಎಂದು ಅಣ್ಣ ಹಿಂದಿನಿಂದ ಕೂಗುತ್ತಿದ್ದ. ಬೋಟಿನಲ್ಲಿದ್ದ ಹೆಂಗಸರೆಲ್ಲ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅಷ್ಟು ವರ್ಷ ಅವನ ಬೋಟಿನಲ್ಲಿ ಕೂತರೂ ಅವನು ಇಂಜಿನ್ ಚಾಲೂ ಮಾಡುವುದನ್ನು ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಹಿನ್ನೀರಿನ ದಂಡೆಯಲ್ಲೂ ಅವನ ಸರದಿ ಬಂದಾಗ ಅಂಗಡಿಯ ಲೆಕ್ಕದ ಪುಸ್ತಕ ತೆರೆದು ಕೂರುತ್ತಿದ್ದೆ.

ಎರಡು ವರ್ಷದ ಹಿಂದೆ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತು ಇತ್ತು, ಆದರೆ ಒಂದೊಂದು ಶಬ್ದಕ್ಕೂ ದಾರಿ ಹುಡುಕಬೇಕಾಗುತ್ತಿತ್ತು. ಅವನು ಮದುವೆಯಾದವನಲ್ಲ, ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದವನು. ಔಷಧ, ಮಾಲೀಸು, ಆಸ್ಪತ್ರೆ ಎಲ್ಲ ನಾನೇ ನೋಡಿದೆ. ನೋಡಿದೆ ಎಂದು ಹೇಳಿಕೊಳ್ಳುವಾಗ ಎಷ್ಟು ಸಲ ಗದರಿದೆ ಎಂಬುದನ್ನೂ ಹೇಳಬೇಕು. ಅವನು ಒಂದು ತುತ್ತು ಬಾಯಿಗೆ ಒಯ್ಯುವಷ್ಟರಲ್ಲಿ ನನ್ನ ಊಟ ಮುಗಿದಿರುತ್ತಿತ್ತು.

ಒಂದು ದಿನ ಅಂಗಡಿಯಿಂದ ಬಂದಾಗ ಅಣ್ಣ ಕಿಟಕಿಯ ಸರಳಿಗೆ ಒಂದು ಹಗ್ಗ ಸುತ್ತಿ ಎಡಗೈಯಿಂದ ಜಗ್ಗುತ್ತಿದ್ದ. ಜಗ್ಗುವುದು, ಬಿಡುವುದು, ಮತ್ತೆ ಸುತ್ತುವುದು. ಏನು ಇದು ಎಂದು ಕೇಳಿದೆ. ಅವನು ಉಸಿರು ಕೂಡಿಸಿಕೊಂಡು ಹೇಳಿದ.

"ಒಮ್ಮೆ... ಎಲ್ಲಾರ ಮುಂದ... ನನ್ನ ಕೈಲೆ ಚಾಲೂ ಮಾಡ್ಬೇಕು."

"ಕಿಟಕಿ ಕಿತ್ತ ಬರತೈತಿ ಅಷ್ಟ" ಎಂದೆ.

"ಬಿಡ್ರಿ, ಅದೊಂದರ ಮಾಡ್ಲಿ ಅವರು" ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ.

ಅವನು ಬಿಡಲಿಲ್ಲ. ಮಳೆಗಾಲ ಪೂರ್ತಿ ಜಗ್ಗಿದ. ದೀಪಾವಳಿಯ ಹೊತ್ತಿಗೆ ಎಡಗೈ ಬೆರಳಿನ ಬುಡದಲ್ಲಿ ಗಂಟುಗಳಾಗಿದ್ದವು. ಅವನ್ನು ನನಗೆ ತೋರಿಸುತ್ತಿರಲಿಲ್ಲ, ನನ್ನ ಹೆಂಡತಿಗೆ ತೋರಿಸುತ್ತಿದ್ದ. ಹಿನ್ನೀರು ತುಂಬಿ ನಿಂತ ಮೇಲೆ ಒಂದು ರವಿವಾರ ಬೆಳಿಗ್ಗೆ ತಾನೇ ಎದ್ದು, ಇಂಜಿನ್ನಿನ ಮೇಲಿನ ಗೋಣಿಚೀಲ ತೆಗೆದು, ಬಾಗಿಲಲ್ಲಿ ಕುಳಿತಿದ್ದ.

ಜಮಖಂಡಿ ದಾಟಿ ಬೀಳಗಿ ಮುಟ್ಟುವವರೆಗೆ ಅವನು ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದ. ದಂಡೆಯಲ್ಲಿ ಎಲ್ಲರೂ ಬಂದಿದ್ದರು. ಅವನಿಗೆ ಲಕ್ವಾ ಹೊಡೆದ ಮೇಲೆ ಅದೇ ಮೊದಲ ಸಲ ಅಲ್ಲಿಗೆ ಹೋದದ್ದು. ಯಾರೂ ಅಯ್ಯೋ ಎನ್ನಲಿಲ್ಲ, ಕೈ ಹೇಗಿದೆ ಎಂದು ಕೇಳಲಿಲ್ಲ. "ಬರ್ರಿ, ಇವತ್ತ ಮೊದಲನೇ ಸರದಿ ನಿಮ್ಮದ" ಎಂದರು ಫಿಟ್ಟರ್ ಕಾಕಾ. ಮೀನುಗಾರ ಅಣ್ಣನನ್ನು ಎತ್ತಿ ಬೋಟಿನ ಹಿಂದಿನ ಹಲಗೆಯ ಹತ್ತಿರ ಕೂರಿಸಿ, ಬೋಟು ಅಲುಗಾಡದಂತೆ ಮೊಳಕಾಲು ನೀರಿನಲ್ಲಿ ಹಿಡಿದು ನಿಂತ. ಇಂಜಿನ್ ಬಿಗಿದರು. ಬೆಲ್ಲದ ವ್ಯಾಪಾರಿ ಒಲೆಯ ಮೇಲೆ ಚಹಾಕ್ಕೆ ಇಟ್ಟರು.

ಅಣ್ಣ ಹಗ್ಗ ಸುತ್ತಲು ಶುರುಮಾಡಿದ. ಒಂದೇ ಕೈ. ಗಂಟನ್ನು ಚಕ್ರದ ಸಂದಿಗೆ ಸಿಗಿಸುವಷ್ಟರಲ್ಲಿ ಹಗ್ಗ ಜಾರುತ್ತಿತ್ತು. ಗದ್ದದಿಂದ ಒತ್ತಿ ಹಿಡಿದು ಸುತ್ತಿದ. ಜಗ್ಗಿದ. ಚಕ್ರ ಮೆಲ್ಲಗೆ ಒಂದು ಸುತ್ತು ತಿರುಗಿ ನಿಂತಿತು. ಮತ್ತೆ ಸುತ್ತಿದ, ಮತ್ತೆ ಜಗ್ಗಿದ, ಮತ್ತೆ ಅಷ್ಟೇ ಮೆಲ್ಲಗೆ. ಕಿಟಕಿಯ ಸರಳು ಅಲುಗುವಷ್ಟು ಜೋರಾಗಿ ಜಗ್ಗುತ್ತಿದ್ದವನು ಇಲ್ಲಿ ಬಂದು ಕೈ ಸೋತನಲ್ಲ ಎಂದುಕೊಂಡೆ.

ಅಷ್ಟರಲ್ಲಿ ಹಿನ್ನೀರು ನೋಡಲು ಬಂದ ಒಂದು ಕುಟುಂಬ ಕಾರು ನಿಲ್ಲಿಸಿ ದಂಡೆಗೆ ಇಳಿಯಿತು. ಒಬ್ಬರು ಮೊಬೈಲು ಎತ್ತಿ ಹಿಡಿದು ಶೂಟಿಂಗ್ ಮಾಡತೊಡಗಿದರು. ಅಣ್ಣ ಮೂರನೆಯ ಸಲ ಜಗ್ಗಿದ. ಚಕ್ರ ಆಕಳಿಸಿದ ಹಾಗೆ ತಿರುಗಿ ನಿಂತಿತು.

"ಪಾಪ, ಮುತ್ಯಾಗ ಆಗವಲ್ದು" ಎಂದಳು ಆ ಗುಂಪಿನ ಹೆಂಗಸು.

ಆ ಮಾತು ನನಗೆ ಚುಚ್ಚಿತು. ಅಣ್ಣನ ಮೇಲೆ ಮರುಕವೋ, ನನಗಾದ ನಾಚಿಕೆಯೋ, ಇವತ್ತಿಗೂ ನಾನು ಬೇರೆ ಮಾಡಿ ಹೇಳಲಾರೆ. ಅಣ್ಣ ನಾಲ್ಕನೆಯ ಸಲ ಹಗ್ಗ ಸುತ್ತಿ ಮುಗಿಸಿದ್ದ. ಇಂಜಿನ್ನಿನ ಬದಿಯ ಒಂದು ಸಣ್ಣ ಕಡ್ಡಿಯನ್ನು ಹೆಬ್ಬೆರಳಿನಿಂದ ಒಳಗೆ ದೂಡಿ, ಹಗ್ಗದ ಹಿಡಿಕೆಗೆ ಕೈ ಹಾಕುತ್ತಿದ್ದ. ನಾನು ಪ್ಯಾಂಟು ಮಡಚದೆ ನೀರಿಗಿಳಿದೆ. "ಬಿಡಣ್ಣಾ, ನಾ ಜಗ್ಗತೇನಿ" ಎಂದು ಹಿಡಿಕೆಯನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡೆ. ಅವನು ನನ್ನ ಮುಖ ನೋಡಿದ. ಒಂದು ಗಳಿಗೆ ಬಿಗಿ ಹಿಡಿದ, ಆಮೇಲೆ ಬಿಟ್ಟ. ನಾನು ಇದ್ದಬದ್ದ ಬಲ ಹಾಕಿ ಜಗ್ಗಿದೆ.

ಒಂದೇ ಏಟಿಗೆ ಇಂಜಿನ್ ಹಿಡಿಯಿತು. ಹೊಗೆ ಎದ್ದಿತು, ನೀರು ನೊರೆಯಾಯಿತು, ಕಾರಿನವರು ಚಪ್ಪಾಳೆ ತಟ್ಟಿದರು. ಹೇಳಲು ಬಾಯಿ ಬರುವುದಿಲ್ಲ, ಆದರೆ ಆಗ ನನಗೆ ಹೆಮ್ಮೆಯಾಗಿತ್ತು. ಅಣ್ಣನ ಕಿವಿಯ ಹತ್ತಿರ ಬಾಗಿ, "ನೋಡಣ್ಣಾ, ಚಾಲೂ ಆತು" ಎಂದು ಕೂಗಿದೆ. ಅವನು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ನೋಡುತ್ತಿದ್ದ. ಮೀನುಗಾರ ಬೋಟು ಹತ್ತಿ ಅವನನ್ನು ಒಂದು ಸುತ್ತು ಕರೆದುಕೊಂಡು ಹೋದ.

ದಂಡೆಗೆ ಬಂದೆ. ನಮ್ಮವರು ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಚಹಾ ಕುದಿದು ಉಕ್ಕುತ್ತಿತ್ತು, ಬೆಲ್ಲದ ವ್ಯಾಪಾರಿ ಇಳಿಸಲಿಲ್ಲ. ನಾನೇನು ತಪ್ಪು ಮಾಡಿದೆ ಎಂದು ಫಿಟ್ಟರ್ ಕಾಕಾ ಅವರನ್ನು ಕೊಂಚ ಬಿರುಸಾಗಿಯೇ ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಸಣ್ಣ ದನಿಯಲ್ಲಿ ಹೇಳಿದರು.

"ಅವರು ಸೋತಿರಲಿಲ್ರೀ. ಈ ಇಂಜಿನ್ನಿಗೆ ಮೊದಲ ಮೂರ ಸಲ ಮೆತ್ತಗ ಜಗ್ಗಿ ಪೆಟ್ರೋಲ್ ಏರಸಬೇಕು. ಜೋರ ಜಗ್ಗಿದ್ರ ಪ್ಲಗ್ಗ ತೊಯ್ದು ಕೆಟ್ಟ ಕುಂದ್ರತೈತಿ. ಮೂರ ಆದಮ್ಯಾಲೆ ಚೋಕಿನ ಕಡ್ಡಿ ಒಳಗ ದೂಡಿದ್ರು, ನೋಡಲಿಲ್ಲೇನು? ನಾಲ್ಕನೇದಕ್ಕ ಕೈ ಉಳಿಸಿ ಇಟಗೊಂಡಿದ್ರು ಅವರು."

"ಅಣ್ಣನ ಕೈಗೆ ಹಿಡೀತಿತ್ತೇನ್ರಿ?" ಎಂದು ಕೇಳಿದೆ.

"ಹಿಡೀತಿತ್ತೋ ಇಲ್ಲೋ, ನನಗ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಇನ್ನ ಅವರಿಗೂ ಗೊತ್ತಾಗೂದಿಲ್ಲ."

ಬೋಟು ತಿರುಗಿ ಬಂದಾಗ ನಾನು ಮತ್ತೆ ನೀರಿಗಿಳಿದೆ. ಅಣ್ಣನ ಮೊಳಕಾಲು ಹಿಡಿದುಕೊಂಡೆ. "ಅಣ್ಣಾ, ತಪ್ಪಾತು. ಬಂದ್ ಮಾಡೂಣು. ಮತ್ತ ಮೊದಲಿಂದ ನೀನ ಮಾಡು, ಯಾರೂ ಮುಟ್ಟೂದಿಲ್ಲ" ಎಂದೆ. ಅವನು ಇಂಜಿನ್ನಿನ ಮೈಮೇಲೆ ಅಂಗೈ ಇಟ್ಟು ತೆಗೆದ.

"ಬಿಸಿ ಐತಿ" ಎಂದ.

ಬಿಸಿಯಾದ ಇಂಜಿನ್ ಯಾರು ಮುಟ್ಟಿದರೂ ಹಿಡಿಯುತ್ತದೆ ಎಂಬುದು ಅಷ್ಟು ದಿನ ಅವರ ಜೊತೆ ಕೂತ ನನಗೂ ಗೊತ್ತಿತ್ತು. ಮಗುವಿನ ಕೈಗೂ ಹಿಡಿಯುತ್ತದೆ. ಅಂಥದ್ದು ಅವನಿಗೆ ಬೇಕಿರಲಿಲ್ಲ. ಆರುವವರೆಗೆ ಕಾಯೋಣ ಎಂದೆ, ಸಂಜೆಯಾದರೂ ಆಗಲಿ ಎಂದೆ. ಜನ್ಮದಲ್ಲಿ ಮೊದಲ ಸಲ ನಾನು ಕಾಯುತ್ತೇನೆ ಎಂದು ಹೇಳಿದ್ದು. ಅಣ್ಣ ಟಂಟಂ ಕಡೆ ಕೈ ತೋರಿಸಿದ.

ಮುಂದಿನ ತಿಂಗಳು ಇಂಜಿನ್ನನ್ನು ಒರೆಸಿ, ಪೆಟ್ರೋಲಿಗೆ ಎಣ್ಣೆ ಕಲೆಸಿ ಡಬ್ಬಿ ತುಂಬಿ, ನಾನೇ ಅವನನ್ನು ಎಬ್ಬಿಸಲು ಹೋದೆ. ಅವನು ಗೋಡೆಯ ಕಡೆ ಹೊರಳಿದ. "ನೀ ಹೋಗಿ ಬಾ. ನಿನಗ... ಬರತೈತಲ್ಲ" ಎಂದ. ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ನಾನು ಬದುಕುತ್ತಿದ್ದೆ. ಇರಲಿಲ್ಲ. ಫಿಟ್ಟರ್ ಕಾಕಾ ಮುಧೋಳದಿಂದ ಎರಡು ಸಲ ಬಂದು ಕರೆದರು. ಅವರಿಗೆ ಚಹಾ ಕುಡಿಸಿ ಕಳಿಸಿದ.

ಆದರೆ ನನ್ನನ್ನು ಕೊಲ್ಲುವುದು ಇಂಜಿನ್ನಿನ ಮಾತಲ್ಲ. ಲಕ್ವಾ ಹೊಡೆದ ಮೇಲೂ ಅಣ್ಣ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಿದ್ದ. ಐದು ಗುಂಡಿಗೆ ಅರ್ಧ ತಾಸು ಹಿಡಿಯುತ್ತಿತ್ತು. ನಾನು ಹಾಕಲು ಹೋದರೆ ಮೊಣಕೈಯಿಂದ ನೂಕುತ್ತಿದ್ದ. ಆ ರವಿವಾರದ ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಅವನು ಬಿಚ್ಚಿದ ಅಂಗಿಯಲ್ಲಿ ಬಂದು ನನ್ನ ಮುಂದೆ ನಿಂತ. ಎರಡೂ ಕೈ ಕೆಳಗೆ ಬಿಟ್ಟಿದ್ದ.

"ನೀನ ಹಾಕು" ಎಂದ.

ಹಾಕಿದೆ. ನನ್ನ ಬೆರಳಿಗೆ ಎಷ್ಟು ಹೊತ್ತಿನ ಕೆಲಸ ಅದು. ಅಂದಿನಿಂದ ದಿನಾ ಬೆಳಿಗ್ಗೆ ಬಂದು ನಿಲ್ಲುತ್ತಾನೆ. ಈಗೀಗ ನಾನು ಬೇಕೆಂದೇ ನಾಲ್ಕು ಗುಂಡಿ ಹಾಕಿ ಕೊನೆಯದನ್ನು ಬಿಟ್ಟು, ಏನೋ ಹುಡುಕುವವನ ಹಾಗೆ ಆಚೆ ಹೋಗಿ ಕಾಯುತ್ತೇನೆ. ಅಂಗಡಿಗೆ ಹೊತ್ತಾಗಲಿ, ಎಷ್ಟು ಬೇಕಾದರೂ ಆಗಲಿ ಎಂದುಕೊಳ್ಳುತ್ತೇನೆ. ತಿರುಗಿ ಬಂದು ನೋಡಿದರೆ ಅಣ್ಣ ಕೈ ಎತ್ತಿರುವುದಿಲ್ಲ. ನಾನು ಬಂದು ಹಾಕುವವರೆಗೆ ಹಾಗೇ ನಿಂತಿರುತ್ತಾನೆ.