ಐದನೆಯ ಡಬ್ಬಿ

ಎಪ್ಪತ್ತು ದಾಟಿದ ಮೇಲೆ ನಾನು ಆಟಿಕೆ ರೈಲು ಓಡಿಸುತ್ತೇನೆ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಎಂದೂ ಸೇರಿಸಿ ಹೇಳುತ್ತಾರೆ. ತಲೆ ಕೆಟ್ಟಿಲ್ಲ. ನಮ್ಮ ಓಣಿಯ ಹೆಂಗಸರು ಸಂಜೆಯಾದರೆ ಟಿವಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕುವುದನ್ನು ನೋಡುತ್ತಾರೆ. ನಾನು ರೈಲು ನೋಡುತ್ತೇನೆ. ನನ್ನ ರೈಲಿನಲ್ಲಿ ಯಾರೂ ಯಾರಿಗೂ ವಿಷ ಹಾಕುವುದಿಲ್ಲ.

ನಮ್ಮ ಬೈಲಹೊಂಗಲಕ್ಕೆ ರೈಲಿಲ್ಲ. ಸವದತ್ತಿಗಿಲ್ಲ, ರಾಮದುರ್ಗಕ್ಕಿಲ್ಲ. ಕಿತ್ತೂರಿಗೆ ಬರುತ್ತದೆ ಎನ್ನುತ್ತಾರೆ. ಓಟು ಬಂದಾಗಲೆಲ್ಲ ಆ ರೈಲು ಭಾಷಣದಲ್ಲಿ ಒಮ್ಮೆ ಬಂದು ಹೋಗುತ್ತದೆ. ಹಾಗಾಗಿ ಈ ಸೀಮೆಯಲ್ಲಿ ದಿನಾ ತಪ್ಪದೆ ರೈಲು ಓಡುವ ಜಾಗ ಒಂದೇ: ನನ್ನ ಬಾಡಿಗೆ ಖೋಲಿಯಲ್ಲಿ, ಎರಡು ಟ್ರಂಕಿನ ಮೇಲೆ ಅಡ್ಡ ಹಾಕಿದ ಹಳೆಯ ಬಾಗಿಲ ಹಲಗೆ. ಹಲಗೆಯ ಮೇಲೆ ಉದ್ದಕ್ಕೆ ಮೊಟ್ಟೆಯಾಕಾರದ ಹಳಿ. ಹಳಿಗೆ ಹಳಿ ಕೂಡುವ ಕಡೆ ಗಾಲಿ ಕಟಕ್ ಎನ್ನುತ್ತದೆ. ನನಗೆ ಬೇಕಾದದ್ದು ಆ ಕಟಕ್.

ಯಾಕೆ ಬೇಕು ಎಂದರೆ ಹೇಳುತ್ತೇನೆ. ನನ್ನ ಗಂಡ ಅಳ್ನಾವರದ ಆಚೆ, ಅಡವಿಯ ಹತ್ತಿರ ರೈಲ್ವೆ ಗೇಟು ಕಾಯುತ್ತಿದ್ದರು. ಇಪ್ಪತ್ತೆಂಟು ವರ್ಷ ಗೇಟಿನ ಮನೆಯಲ್ಲಿ ಸಂಸಾರ ಮಾಡಿದೆ. ನೆರೆಹೊರೆ ಎಂದರೆ ರೈಲೇ. ಮಕ್ಕಳಾಗಲಿಲ್ಲ, ಅದರ ಮಾತು ಇಲ್ಲಿ ಬೇಡ. ಸಾಲಿಗೆ ಹೋದವಳಲ್ಲ ನಾನು. ಗೇಟಿನ ಹತ್ತಿರ ಗಾಡಿ ನಿಧಾನ ಮಾಡಿದಾಗ ಡಬ್ಬಿಗೆ ತೂಗುಹಾಕಿದ ಊರಿನ ಹಲಗೆಗಳನ್ನು ತೋರಿಸಿ ಅವರು ಅಕ್ಷರ ಕಲಿಸಿದರು. ನನಗೆ ‘ಅ’ ಬರುವುದಕ್ಕಿಂತ ಮುಂಚೆ ಮಿರಜಿನ ‘ಮಿ’ ಬಂತು. ಈಗಲೂ ನಿಂತ ಅಕ್ಷರ ಓದಲು ನನಗೆ ತಡವಾಗುತ್ತದೆ. ಓಡುವ ಅಕ್ಷರವೇ ವಾಸಿ.

ಗೇಟಿನವರ ಕೆಲಸ ಗೇಟು ಹಾಕುವುದು, ತೆಗೆಯುವುದು ಎಂದು ಜನ ತಿಳಿದಿದ್ದಾರೆ. ಅದು ಅರ್ಧ ಕೆಲಸ. ಉಳಿದರ್ಧ, ಗಾಡಿ ಹಾದು ಹೋಗುವ ತನಕ ಹಸಿರು ಬಾವುಟ ಹಿಡಿದು ನಿಲ್ಲುವುದು. ಕೊನೆಯ ಡಬ್ಬಿಯ ಬೆನ್ನ ಮೇಲೆ ದೊಡ್ಡದೊಂದು ಇಂಟು ಗುರುತು ಇರುತ್ತದೆ. ಅದು ಕಂಡರೆ ಗಾಡಿ ಪೂರ್ತಿ ಬಂತು, ನಡುವೆ ಎಲ್ಲೂ ಕೊಂಡಿ ಕಳಚಿ ಹಿಂದೆ ಉಳಿದಿಲ್ಲ ಎಂದರ್ಥ. ಆ ಡಬ್ಬಿಯಿಂದ ಗಾರ್ಡ್ ತನ್ನ ಬಾವುಟ ತೋರಿಸುತ್ತಿದ್ದ. ನನ್ನನ್ನು ಕಂಡರೆ ಕೈಯನ್ನೂ ಎತ್ತುತ್ತಿದ್ದ. ಹೆಸರು ಗೊತ್ತಿಲ್ಲದ ಎಷ್ಟೋ ಗಾರ್ಡುಗಳು ಇಪ್ಪತ್ತೆಂಟು ವರ್ಷ ನನಗೆ ಕೈ ಎತ್ತಿದ್ದಾರೆ. ಗಂಡ ಹೋದ ಮೇಲೆ ಗೇಟಿನ ಮನೆ ಬಿಟ್ಟು ತವರೂರಿಗೆ ಬಂದೆ. ಇಲ್ಲಿ ಯಾರು ಯಾರಿಗೆ ಕೈ ಎತ್ತುತ್ತಾರೆ? ಎತ್ತಿದರೆ ಹೊಡೆಯಲಿಕ್ಕೇ ಎಂದು ಓಡುತ್ತಾರೆ.

ಹುಣ್ಣಿಮೆಗೊಮ್ಮೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರೂಢಿ ಇಟ್ಟುಕೊಂಡಿದ್ದೆ. ಹಾಗೆ ಹೋದಾಗ ಸವದತ್ತಿಯಲ್ಲಿ ಮಿಲಿಂದನ ಅಂಗಡಿ ಕಂಡಿತು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ರೇಡಿಯೋ ಸತ್ತ ಮೇಲೆ ಗಡಿಯಾರ, ಆಟಿಕೆ ಸಾಮಾನು ಮಾರುತ್ತಾನೆ. ಐವತ್ತು ದಾಟಿದ್ದಾನೆ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಗಾಜಿನ ಕೌಂಟರು, ಕೌಂಟರಿನ ಮೇಲೆ ಸುತ್ತ ಹಳಿ, ಹಳಿಯ ಮೇಲೆ ರೈಲು. ತನ್ನ ಖಯಾಲಿಗೆ ಮುಂಬೈಯಿಂದ ತರಿಸಿದ್ದನಂತೆ. ಗೇಣುದ್ದದ ಎಂಜಿನ್ನು, ಅದರ ಹಿಂದೆ ಡಬ್ಬಿ, ಡಬ್ಬಿಗೆ ಕಿಟಕಿ ಸಹಿತ. ಗುಡ್ಡದಿಂದ ಇಳಿದು ಬಂದವಳು ಎರಡು ಬಸ್ಸು ಬಿಟ್ಟೆ.

ಅಂದಿನಿಂದ ಒಂದೊಂದು ಹುಣ್ಣಿಮೆಗೆ ಒಂದೊಂದು ತುಂಡು. ಒಮ್ಮೆ ಹಳಿ, ಒಮ್ಮೆ ಡಬ್ಬಿ. ಮಿಲಿಂದ ಬೇಗ ಕೊಡುವ ಪೈಕಿ ಅಲ್ಲ. ಸ್ಟೂಲು ಹಾಕುತ್ತಾನೆ, ಚಹಾ ತರಿಸುತ್ತಾನೆ, ಎಲ್ಲಿ ಇಡುತ್ತೀರಿ, ಹಲಗೆ ಡೊಂಕು ಇದೆಯೇ, ಇಲಿ ಇವೆಯೇ ಎಂದು ಕೇಳುತ್ತಾನೆ. ಕೊಟ್ಟ ಡಬ್ಬಿಯನ್ನು ಮೂರು ಸುತ್ತು ಓಡಿಸಿ ತೋರಿಸಿಯೇ ಕಟ್ಟುತ್ತಾನೆ. ಇಷ್ಟು ವಿಚಾರಣೆ ನನ್ನ ಮದುವೆಯಲ್ಲಿ ನನ್ನಪ್ಪ ವರನ ಬಗ್ಗೆ ಮಾಡಿರಲಿಲ್ಲ. ನನಗೆ ಇದು ಕಿರಿಕಿರಿ ಎಂದು ಆಗ ತಿಳಿದಿದ್ದೆ.

ನಾಲ್ಕು ಡಬ್ಬಿ ಆದವು. ಐದನೆಯದು ಕೇಳಿದೆ.

“ಬ್ಯಾಡ್ರಿ ಅಕ್ಕಾರ,” ಎಂದ. “ನಿಮ್ಮ ಎಂಜಿನ್ ಸಣ್ಣದೈತಿ. ನಾಕು ಎಳಿಯೂದ ಅದರ ಪುಣ್ಯ.”

“ಇಪ್ಪತ್ತೆಂಟ ವರ್ಷ ಗೇಟಿನ್ಯಾಗ ನಿಂತಾಕಿಗೆ ಎಂಜಿನ್ ಎಷ್ಟ ಎಳಿತೈತಿ ಅಂತ ನೀ ಹೇಳ್ತಿಯೇನು?”

“ನೀವು ನಿಂತ ನೋಡೀರಿ. ಎಳದಿದ್ದು ಎಂಜಿನ್ನು.”

“ಕೊಡ್ತಿಯೋ ಇಲ್ಲೋ?”

“ಇಲ್ರಿ. ನಾಳೆ ಎಂಜಿನ್ ಸುಟ್ಟರ ನೀವ ಬಂದು ನನ್ನ ಕೊಳ್ಳ ಹಿಡೀತೀರಿ.”

ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ನನ್ನ ಖೋಲಿಯ ಮುಂದಿನ ಖೋಲಿಯಲ್ಲಿ ಸುಮಿತ್ರಾ ಎಂಬಾಕೆ ಬ್ಲೌಸು ಹೊಲಿಯುತ್ತಾಳೆ. ಅವಳ ಫೋನಿನಲ್ಲಿ ಎಲ್ಲ ಸಿಗುತ್ತದೆ. ಡಬ್ಬಿಯೂ ಸಿಕ್ಕಿತು.

“ಒತ್ತಲೇನ ಆಯಿ?” ಎಂದಳು.

“ಒತ್ತು,” ಎಂದೆ. ಒತ್ತಿದಳು. ಮುಗಿಯಿತು.

ಎಂಜಿನ್ನು ಯಾವುದು, ಹಲಗೆ ಎಂಥದು, ಇಲಿ ಇವೆಯೇ, ಯಾರೂ ಕೇಳಲಿಲ್ಲ. ಫೋನಿನ ಅಂಗಡಿಯ ದೊಡ್ಡ ಗುಣವೆಂದರೆ ಅದು ಬೇಡ ಎನ್ನುವುದಿಲ್ಲ. ನಾನು ಐದು ಕೇಳಿದರೆ ಐವತ್ತು ತೋರಿಸುತ್ತದೆ. ನಾಲ್ಕನೆಯ ದಿನ ಪಾರ್ಸೆಲ್ಲಿನವನು ಬಂದ. ಒಳಗೆ ಬಾ, ನೀರು ಕುಡಿ ಎಂದೆ. ಇನ್ನೂ ಸಂಪಗಾಂವಕ್ಕೆ ಹೋಗಬೇಕು ಎಂದು ಗಾಡಿಯ ಮೇಲಿಂದ ಇಳಿಯದೆ ಕೈಗೆ ಕೊಟ್ಟು ಹೋದ. ಅವನ ತಪ್ಪಲ್ಲ. ಬೆಳಗಿನಿಂದ ಎಲ್ಲರ ಮನೆಯ ನೀರು ಕುಡಿದರೆ ಅವನು ಊರು ಮುಟ್ಟುವುದು ಯಾವಾಗ?

ಐದನೆಯ ಡಬ್ಬಿ ಕೊಂಡಿಗೆ ಸರಿಯಾಗಿ ಕೂತಿತು. ಎಂಜಿನ್ನು ತಿರುವಿನಲ್ಲಿ ಸ್ವಲ್ಪ ಏದುಸಿರು ಬಿಟ್ಟರೂ ಎಳೆಯಿತು. ಸುಣ್ಣದ ಕಡ್ಡಿಯಿಂದ ಅದರ ಬೆನ್ನ ಮೇಲೆ ಇಂಟು ಬರೆದೆ. ನಾಲ್ಕು ಡಬ್ಬಿಯ ಗಾಡಿಗೆ ಬರೆದಿರಲಿಲ್ಲ; ಅದು ಪೂರ್ತಿ ಅನ್ನಿಸಿರಲಿಲ್ಲ. ಗೆದ್ದೆ ಎಂದುಕೊಂಡೆ. ಗೆದ್ದದ್ದನ್ನು ಯಾರಿಗೆ ಹೇಳುವುದು? ಸುಮಿತ್ರಾಳಿಗೆ ಹೇಳಿದೆ. “ಹೌದ್ರೆ ಆಯಿ,” ಎಂದು ಮಷೀನು ತುಳಿಯುತ್ತಲೇ ಇದ್ದಳು. ಗೆದ್ದ ಸುದ್ದಿ ಸೋತವನಿಗೇ ಹೇಳಬೇಕು, ಆಗಲೇ ಅದಕ್ಕೆ ರುಚಿ. ಆದರೆ ಆ ಹುಣ್ಣಿಮೆಗೆ ನಾನು ಗುಡ್ಡಕ್ಕೆ ಹೋಗಲಿಲ್ಲ. ಮುಂದಿನದಕ್ಕೂ ಇಲ್ಲ. ಅವನಾಗಿ ಕೇಳಲಿ ಎಂದು ಕುಳಿತೆ. ಸವದತ್ತಿಯಲ್ಲಿ ಕುಳಿತವನು ಬೈಲಹೊಂಗಲದವಳನ್ನು ಹೇಗೆ ಕೇಳುತ್ತಾನೆ? ಅದು ಹೊಳೆಯಲಿಲ್ಲ.

ಅಷ್ಟರಲ್ಲಿ ಖಂಡೇನವಮಿ ಬಂತು. ನಮ್ಮ ಕಡೆ ಆ ದಿನ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಕಬ್ಬಿಣ ಎಂಬುದಕ್ಕೆಲ್ಲ ಪೂಜೆ. ಗೇಟಿನ ಮನೆಯಲ್ಲಿ ನನ್ನ ಗಂಡ ಗೇಟು ಎಳೆಯುವ ಚಕ್ರ, ಕಂದೀಲು, ಬಾವುಟದ ಕೋಲು ಎಲ್ಲ ತೊಳೆದು, ಕೊನೆಗೆ ಹಳಿಗೂ ವಿಭೂತಿ ಬಳಿಯುತ್ತಿದ್ದರು. ಅದರ ಮೇಲೇ ಗಾಡಿ ದಡದಡ ಹೋಗುತ್ತಿತ್ತು. ನಾನೂ ಹಾಗೇ ಮಾಡಿದೆ. ವಿಭೂತಿ ತೇದು ಎಂಜಿನ್ನಿನ ಹಣೆಗೆ ಮೂರು ಪಟ್ಟೆ ಎಳೆದೆ, ಕುಂಕುಮ ಇಟ್ಟೆ, ಗಾಲಿಯ ಕೆಳಗೆ ನಿಂಬೆಹಣ್ಣಿನ ಹೋಳು ಇಟ್ಟೆ. ಹಳಿಗೆ ಎರಡು ಕಡೆ ಬೆರಳು ಸವರಿದ್ದರೆ ಸಾಕಿತ್ತು. ಮಾಡಲು ಬೇರೆ ಕೆಲಸವಿರಲಿಲ್ಲ. ಸುತ್ತಲೂ ಬಳಿದೆ.

ಮರುದಿನ ಸ್ವಿಚ್ ಹಾಕಿದರೆ ಗಾಡಿ ಅಲುಗಲಿಲ್ಲ. ಕರೆಂಟಿನ ಪೆಟ್ಟಿಗೆಯ ದೀಪ ಮಾತ್ರ ಉರಿಯುತ್ತಿತ್ತು. ಎಂಜಿನ್ನನ್ನು ಸೆರಗಿನಿಂದ ಒರೆಸಿದೆ, ದಬ್ಬಿದೆ, ಬೈದೆ. ಡಬ್ಬಿ ಎಲ್ಲ ಬಿಚ್ಚಿ ಎಂಜಿನ್ನೊಂದನ್ನೇ ನಿಲ್ಲಿಸಿದೆ. ಇಲ್ಲ. ಆಗ ನನಗೆ ತಿಳಿದದ್ದು ಒಂದೇ: ಐದನೆಯ ಡಬ್ಬಿ ಎಳೆದೆಳೆದು ಅದರ ಎದೆ ಒಡೆದಿದೆ. ಮಿಲಿಂದ ಹೇಳಿದಂತೇ ಆಗಿದೆ. ಅವನ ಮುಂದೆ ಹೋಗಿ ನಿಲ್ಲುವುದಕ್ಕಿಂತ ಹೊಸ ಎಂಜಿನ್ನು ತರಿಸುವುದೇ ಮೇಲು.

ಸುಮಿತ್ರಾ ಒತ್ತಿದಳು. ಹೊಸ ಎಂಜಿನ್ನು ಬಂತು. ಓಡಲಿಲ್ಲ. ತಿರುಗಿ ಕಳಿಸಬೇಕೆಂದರೆ ಫೋನು ಕಾರಣ ಕೇಳಿತು.

“ಬಣ್ಣ ಸೇರಲಿಲ್ಲ ಅಂತ ಐತಿ, ಅಳತಿ ತಪ್ಪೇತಿ ಅಂತ ಐತಿ, ಮನಸ್ಸ ಬದಲಾತು ಅಂತ ಐತಿ,” ಎಂದು ಓದಿದಳು. “ಯಾವುದ ಒತ್ತಲಿ ಆಯಿ?”

“ಓಡಲಿಲ್ಲ ಅಂತ ಒತ್ತು.”

“ಅದಿಲ್ಲ. ಹಾಳಾಗೇತಿ ಅಂತ ಐತಿ.”

“ಹಾಂ, ಅದ.”

ನಿಮಗಾದ ತೊಂದರೆಗೆ ನಾವು ವಿಷಾದಿಸುತ್ತೇವೆ ಎಂದು ತಕ್ಷಣ ಉತ್ತರ ಬಂತು. ಅಷ್ಟು ಬೇಗ ವಿಷಾದಪಡುವವರನ್ನು ನಾನು ನಂಬುವುದಿಲ್ಲ. ಎರಡನೆಯ ಎಂಜಿನ್ನು ಬಂತು. ಅದೂ ಹಾಗೇ ನಿಂತಿತು. ಅದನ್ನೂ ಕಳಿಸಿದೆವು, ಮತ್ತೆ ಅದೇ ವಿಷಾದ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯದನ್ನು ತರಿಸಲು ಸುಮಿತ್ರಾಳಿಗೇ ಬೇಸರವಾಯಿತು. ನನಗೆ ಅವಳಿಗಿಂತ ಹೆಚ್ಚು ಬೇಸರ. ಖೋಲಿಯಲ್ಲಿ ಸಪ್ಪಳ ನಿಂತು ಮೂರು ವಾರವಾಗಿತ್ತು. ಸಪ್ಪಳವಿಲ್ಲದ ಮನೆಯಲ್ಲಿ ರೊಟ್ಟಿ ಮುರಿದರೂ ಯಾರೋ ಬಾಗಿಲು ಬಡಿದಂತೆ ಕೇಳಿಸುತ್ತದೆ. ಎರಡು ಸಲ ಎದ್ದು ಹೋಗಿ ಬಾಗಿಲು ತೆಗೆದು ನೋಡಿದೆ. ಆಮೇಲೆ ಮಾನ ಬಿಟ್ಟು, ಹಳೆಯ ಎಂಜಿನ್ನನ್ನು ರೊಟ್ಟಿ ಕಟ್ಟುವ ಅರಿವೆಯಲ್ಲಿ ಕಟ್ಟಿಕೊಂಡು ಸವದತ್ತಿ ಬಸ್ಸು ಹತ್ತಿದೆ.

ಮಿಲಿಂದನ ಕೌಂಟರಿನ ಹಳಿಯ ಮೇಲೆ ಮೊಬೈಲಿನ ಕವರುಗಳು ರಾಶಿ ಬಿದ್ದಿದ್ದವು.

“ರೈಲ ಎಲ್ಲೈತಿ?” ಎಂದೆ.

“ನೀವ ಬರೂದ ಬಿಟ್ರಿ,” ಎಂದ. “ಉಳದ ಮಂದಿ ಬಂದು ನೋಡತಾರ, ಫೋಟೋ ಹಿಡೀತಾರ, ಮನ್ಯಾಗ ಕುಂತು ಫೋನಿನ್ಯಾಗ ತರಿಸಿಕೋತಾರ. ಹಳಿ ಖಾಲಿ ಯಾಕ ಇಡೂದಂತ ಕವರ್ ಇಟ್ಟೆ.”

ನಾನೂ ಅದೇ ಮಂದಿಯಲ್ಲಿ ಒಬ್ಬಳಾಗಿದ್ದೆ. ಎಂಜಿನ್ನು ಕೈಗೆ ಕೊಟ್ಟೆ. ಕವರು ಬದಿಗೆ ಸರಿಸಿ, ಗಾಲಿ ಒರೆಸಿ, ಹಳಿಯ ಮೇಲಿಟ್ಟು ಸ್ವಿಚ್ ಒತ್ತಿದ. ಎಂಜಿನ್ನು ಏನೂ ಆಗದವರ ಹಾಗೆ ಓಡಿತು. ಮೂರು ಸುತ್ತು.

“ಇದಕ್ಕೇನಾಗೇತ್ರಿ? ಹಳಿ ತಂದೀರೇನು?”

“ಬಾಗಿಲ ಹೊತ್ಕೊಂಡ ಬರ್ಲೇನ ಬಸ್ಸಿನ್ಯಾಗ?”

“ಹಂಗಾದ್ರ ನಾನ ಬರತೇನಿ,” ಎಂದ. “ಸೋಮವಾರ ಅಂಗಡಿ ಬಂದ್.”

ಸೋಮವಾರ ಬಂದ. ನನ್ನ ಖೋಲಿಯೊಳಗೆ ಬಂದು ಕುಳಿತವರು ಆ ವರ್ಷ ಅವನೊಬ್ಬನೇ. ಹಲಗೆ ನೋಡಿದ, ಐದು ಡಬ್ಬಿ ಎಣಿಸಿದ. ಹಳಿಯ ಮೇಲೆ ಬೆರಳು ಎಳೆದ. ಬೆರಳು ಬೆಳ್ಳಗಾಯಿತು. ಮೂಸಿ ನೋಡಿದ.

“ಇದೇನ್ರಿ ಅಕ್ಕಾರ?”

“ವಿಭೂತಿ. ಖಂಡೇನವಮಿ ಪೂಜಿ ಮಾಡೇನಿ.”

“ಹಳಿಗೆ?”

“ದೊಡ್ಡ ಹಳಿಗೂ ಮಾಡತಿದ್ವಿ. ಅದರ ಮ್ಯಾಲೆ ಗಾಡಿ ಹೋಗೂದು.”

ಅವನು ಕೂತಲ್ಲೇ ನಕ್ಕ. ಶಬ್ದ ಬರದ ನಗೆ, ಹೊಟ್ಟೆ ಮಾತ್ರ ಅಲುಗಿತು. “ದೊಡ್ಡ ಗಾಡಿ ತನ್ನ ಬಲದ ಮ್ಯಾಲೆ ಹೊಕ್ಕೇತ್ರಿ. ಇದು ಬಡವ. ಹಳಿಯಿಂದ ಕರೆಂಟ ಕುಡಿದು ಓಡತೈತಿ. ನೀವು ಅದರ ಬಾಯಿಗೆ ಬೂದಿ ಹಾಕೀರಿ.”

“ಬೂದಿ ಅನಬ್ಯಾಡ. ವಿಭೂತಿ.”

“ಕರೆಂಟಿಗೆ ಎರಡೂ ಒಂದ. ಅದಕ್ಕ ನಮ್ಮ ಅಂಗಡ್ಯಾಗ ಊದಿನಕಡ್ಡಿ ಸುದ್ದಾ ಹಚ್ಚೂದಿಲ್ಲ ನೋಡ್ರಿ.”

ಕಿಸೆಯಿಂದ ಸಾಲಿಯ ಹುಡುಗರು ಪೆನ್ಸಿಲ್ ಅಳಿಸುವ ರಬ್ಬರು ತೆಗೆದು ಹಳಿ ತಿಕ್ಕತೊಡಗಿದ. ಇನ್ನೊಂದು ಬದಿಯಿಂದ ನಾನೂ ತಿಕ್ಕಿದೆ. ಹಾಗಾದರೆ ತಿರುಗಿ ಹೋದ ಆ ಎರಡು ಎಂಜಿನ್ನುಗಳಿಗೂ ಏನೂ ಆಗಿರಲಿಲ್ಲ. ಹಾಳಾಗೇತಿ ಎಂದು ಒತ್ತಿ ಕಳಿಸಿದ್ದೆ. ಇಲ್ಲದ ತಪ್ಪಿಗೆ ವಿಷಾದಿಸುತ್ತೇವೆ ಎಂದು ಫೋನಿನವರು ಎರಡು ಸಲ ಹೇಳಿದ್ದರು. ಮಿಲಿಂದ ನನ್ನ ತಪ್ಪನ್ನು ತಪ್ಪು ಎಂದೇ ಹೇಳಿದ. ಅಂಗಡಿಗೂ ಅಂಗಡಿಗೂ ಇರುವ ಫರಕು ನನಗೆ ತಿಳಿದದ್ದು ಇಷ್ಟೇ. ಫೋನಿನ ಅಂಗಡಿಯಲ್ಲಿ ಸಾಮಾನು ಮನೆಯ ತನಕ ಬರುತ್ತದೆ. ಬಂದು ಹಳಿ ಮುಟ್ಟಿ ನೋಡುವ ಬೆರಳು ಬರುವುದಿಲ್ಲ.

ಐದೂ ಡಬ್ಬಿ ಕೂಡಿಸಿ ಸ್ವಿಚ್ ಒತ್ತಿದೆ. ಗಾಡಿ ಹೊರಟಿತು. ತಿರುವಿನಲ್ಲಿ ಏದುಸಿರು ಬಿಟ್ಟಿತು, ದಾಟಿತು. ಕಟಕ್, ಕಟಕ್. ಮಿಲಿಂದ ಬಗ್ಗಿ ಐದನೆಯ ಡಬ್ಬಿಯನ್ನೇ ನೋಡುತ್ತಿದ್ದ.

“ಎಳೀತು,” ಎಂದ ಸಣ್ಣ ದನಿಯಲ್ಲಿ.

“ಏನಂದಿ?”

“ಎಳೀತಂದೆ. ಮತ್ತ ಅನಸ್ಬ್ಯಾಡ್ರಿ.” ಡಬ್ಬಿ ಅವನ ಮುಂದೆ ಹಾದು ಹೋಯಿತು. “ಹಿಂದ ಆ ಇಂಟು ಯಾಕ ಹಾಕೀರಿ?”

ಹೇಳಿದೆ. ಗೇಟು, ಬಾವುಟ, ಗಾರ್ಡು, ಕೈ ಎತ್ತುವುದು. ಇಷ್ಟು ಹುಣ್ಣಿಮೆ ಅವನ ಚಹಾ ಕುಡಿದಿದ್ದೆ, ಇದನ್ನು ಹೇಳಿರಲಿಲ್ಲ. ಅವನು ಎಂಜಿನ್ನಿನ ವಿಚಾರ ಕೇಳುತ್ತಿದ್ದ, ನಾನು ಎಂಜಿನ್ನಿನ ವಿಚಾರವೇ ಹೇಳುತ್ತಿದ್ದೆ. ಕೇಳಿ ಅವನು ಹೂಂ ಎಂದ, ಅಷ್ಟೇ. ರೊಟ್ಟಿ, ಬದನೆಕಾಯಿ ಪಲ್ಯ ಉಂಡ. ಉಳಿದ ರಬ್ಬರು ನನ್ನ ಕೈಗೆ ಕೊಟ್ಟು, ಮುಂದಿನ ಖಂಡೇನವಮಿಗೆ ಎಂಜಿನ್ನಿನ ಹಣೆಗೆ ಮಾತ್ರ ಎಂದು ತಾಕೀತು ಮಾಡಿದ.

ಸವದತ್ತಿ ಬಸ್ಸು ನಮ್ಮ ಓಣಿಯ ತುದಿಯಲ್ಲೇ ನಿಲ್ಲುತ್ತದೆ. ಅಲ್ಲಿಯ ತನಕ ಹೋಗಿ ನಿಂತೆ. ಮುಂದೆ ಸೀಟು ಖಾಲಿ ಇದ್ದರೂ ಅವನು ಎಲ್ಲ ದಾಟಿ ಕೊನೆಯ ಸೀಟಿಗೆ ಹೋದ. ಎತ್ತಿ ಕುಕ್ಕುತ್ತದೆ ಎಂದು ಯಾರೂ ಕೂರದ ಸೀಟು ಅದು. ಬಸ್ಸು ತಿರುಗುವಾಗ ಹಿಂದಿನ ಗಾಜಿನಲ್ಲಿ ಕೈ ಎತ್ತಿದ. ನಾನೂ ಎತ್ತಿದೆ. ಬಸ್ಸಿನ ಬೆನ್ನಿಗೆ ಇಂಟು ಇರುವುದಿಲ್ಲ. ಆದರೂ ಪೂರ್ತಿ ಹೋಯಿತು ಎಂದು ಖಾತ್ರಿಯಾದ ಮೇಲೆ ಒಳಗೆ ಬಂದೆ.

ಹುಣ್ಣಿಮೆಗೆ ಇನ್ನು ಒಂಬತ್ತು ದಿನವಿದೆ. ಹೋಗಿ ಆರನೆಯ ಡಬ್ಬಿ ಕೇಳಬೇಕೆಂದಿದ್ದೇನೆ. ಕೊಡುವುದಿಲ್ಲ ಎನ್ನುತ್ತಾನೆ. ಅನ್ನಲಿ.