ಕುದುರೆ ಬಾರದ ಯುದ್ಧ

ಬಿಡದಿಯ ಫ್ಯಾಕ್ಟರಿಗಳಿಗೆ ಆಳುಗಳನ್ನು ತುಂಬಿಕೊಂಡ ಬಸ್ಸುಗಳು ಚನ್ನಪಟ್ಟಣದಲ್ಲಿ ಹೊಸದಾಗಿ ಓಡಾಡತೊಡಗಿದ್ದ ಕಾಲ ಅದು. ನಮ್ಮಣ್ಣ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅಂಥದೊಂದು ಬಸ್ಸಿನಡಿ ಸಿಕ್ಕಿ ಸತ್ತ. ಡ್ರೈವರು ಅಕ್ಕೂರಿನ ಹುಡುಗ. ಆಮೇಲೆ ಅವನು ಅಳುತ್ತಾ ನಮ್ಮ ಬಾಗಿಲಿಗೆ ಬಂದಾಗ ಅಪ್ಪ ಉಳಿ ಹಿಡಿದು ಅಟ್ಟಿದ್ದ. ಅಲ್ಲಿಂದಾಚೆ ಮನೆಯಲ್ಲಿ ಯಾರೂ ಅಣ್ಣನ ಮಾತನ್ನಾಗಲಿ, ಆ ಹುಡುಗನ ಮಾತನ್ನಾಗಲಿ ಎತ್ತುತ್ತಿರಲಿಲ್ಲ.

ಅಪ್ಪ ಪಡಸಾಲೆಯಲ್ಲೇ ಲೇತ್ ಇಟ್ಟುಕೊಂಡು ಮರದ ಬೊಂಬೆ ಕಡೆಯುತ್ತಿದ್ದ. ಬೊಂಬೆಗೆ ಬಣ್ಣ ಹಿಡಿಸುವ ಬಿಸಿ ಅರಗಿನ ವಾಸನೆ ನಾವು ಉಣ್ಣುವ ಮುದ್ದೆಗೂ ಹತ್ತಿಕೊಂಡಿರುತ್ತಿತ್ತು. ಮರುವರ್ಷದ ಬೇಸಿಗೆ ರಜೆಯಲ್ಲಿ ನಾನು ಲೈಬ್ರರಿಯಿಂದ ಗ್ರೀಕರ ಹಳೆಯ ಯುದ್ಧಕಾವ್ಯವೊಂದರ ದಪ್ಪ ಕನ್ನಡ ಪುಸ್ತಕ ತಂದೆ. ಅದರಲ್ಲಿ ದೊಡ್ಡ ಮರದ ಕುದುರೆ ಬರುತ್ತದೆಂದು ಮೇಷ್ಟ್ರು ಹೇಳಿದ್ದರು. ಮರದ ಕುದುರೆ ಎಂದೊಡನೆ ಅಪ್ಪನ ಕಿವಿ ನೆಟ್ಟಗಾಯಿತು. ದಿನಾ ಮಧ್ಯಾಹ್ನ ಓದಿ ಹೇಳಬೇಕೆಂದು ಅಪ್ಪಣೆಯಾಯಿತು.

ಮೇಷ್ಟ್ರೂ ಪುಸ್ತಕ ಓದಿರಲಿಲ್ಲವೆಂದು ಕಾಣುತ್ತದೆ. ಎಷ್ಟು ಓದಿದರೂ ಬರೀ ಈಟಿ, ಹೆಣ. ಕುದುರೆಯ ಸುಳಿವೇ ಇಲ್ಲ. ಯಾವ ಮರದಲ್ಲಿ ಮಾಡಿದ್ದಂತೆ ಎಂದು ಅಪ್ಪ ಕೇಳುತ್ತಲೇ ಇದ್ದ. ಕೊನೆಗೆ ಬಂದದ್ದೇ ಬೇರೆ. ಮುದುಕ ರಾಜನೊಬ್ಬ ಶತ್ರುವಿನ ಬಿಡಾರಕ್ಕೆ ಹೋಗಿ, ತನ್ನ ಮಗನನ್ನು ಕೊಂದವನ ಕೈಗೆ ಮುತ್ತಿಟ್ಟು, ಮಗನ ಹೆಣ ಬೇಡುತ್ತಾನೆ. ಅಚ್ಚಿನ ತಪ್ಪಿರಬೇಕೆಂದು ಆ ಸಾಲನ್ನು ಮತ್ತೆ ಓದಿದೆ. ತಪ್ಪಿರಲಿಲ್ಲ. ಅಪ್ಪ ಲೇತ್ ನಿಲ್ಲಿಸಿ, ಆಮೇಲೇನಾಯಿತೆಂದು ಕೇಳಿದ.

"ಇಬ್ರೂ ಅತ್ರು. ಒಟ್ಗೆ ಕೂತ್ಕೊಂಡು ಉಂಡ್ರು," ಅಂದೆ.

"ಉಂಡ್ರಾ?" ನಾನೇ ಬಡಿಸಿ ಬಂದವಳೇನೋ ಎಂಬಂತೆ ಅಪ್ಪ ನನ್ನನ್ನು ನೋಡಿದ.

ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದ ಅವ್ವ ತಲೆಯೆತ್ತದೆ ಹೇಳಿದಳು: "ಅವ್ನು ಬೇಕಂತ್ಲೇ ಕೊಂದೋನು. ಅವ್ನ್ ಜೊತೇಲೇ ಆ ಮುದ್ಕ ಉಂಡ್ನಂತೆ. ಆ ಹುಡ್ಗ ನಮ್ ಬಾಗ್ಲಿಗೆ ಅತ್ಕೊಂಡು ಬಂದಾಗ ಒಸಿ ನೀರಾದ್ರೂ ಕೊಟ್ವಾ ನಾವು?"

ಪುಸ್ತಕದ ಆ ಮುತ್ತಿಗಿಂತ ಅವ್ವನ ಈ ಮಾತು ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. ಅಪ್ಪ ಕೂಗಾಡುತ್ತಾನೆಂದು ಗೋಡೆಗೆ ಒತ್ತಿಕೊಂಡೆ. ಅವನು ಎದ್ದು, ಮೈಮೇಲಿನ ಮರದ ಪುಡಿ ಕೊಡವಿ ಹೊರಟುಹೋದ. ಸಂಜೆ ಬಂದಾಗ ಅವನ ಹಿಂದೆ ಆ ಡ್ರೈವರಿದ್ದ.

ಅವ್ವ ಇಬ್ಬರಿಗೂ ಮುದ್ದೆ, ಹುರುಳಿಸಾರು ಬಡಿಸಿದಳು. ಆ ಹುಡುಗ ತಟ್ಟೆ ಮುಟ್ಟದೆ ಕೂತಿದ್ದ.

"ಉಣ್ಣಪ್ಪ, ಮುದ್ದೆ ಆರೋಯ್ತದೆ," ಅಂದ ಅಪ್ಪ.

ನಮ್ಮ ಬೀದಿಯಲ್ಲೀಗ ಲೇತುಗಳ ಸದ್ದಿಲ್ಲ, ಅಪ್ಪನೂ ಇಲ್ಲ. ಆ ಪುಸ್ತಕ ಕೊಂಡು ಇಟ್ಟುಕೊಂಡಿದ್ದೇನೆ. ಮುದುಕ ರಾಜ ಆ ಕೈಗೆ ಮುತ್ತಿಡುವ ಜಾಗಕ್ಕೆ ಬಂದಾಗಲೆಲ್ಲ ಈಗಲೂ ಅಳುತ್ತೇನೆ, ಕಣ್ಣೊರೆಸಿಕೊಂಡು ಮುಚ್ಚಿಡುತ್ತೇನೆ. ಆ ಕಥೆ ಕೇಳಿದ ಮೇಲೆ ಅಪ್ಪನ ಹಾಗೆ ಕೂತಲ್ಲಿ ಕೂರಲಾರದೆ ಎದ್ದು ಹೋಗುವವರು ಮಾತ್ರ ಮನೆಯಲ್ಲಿ ಉಳಿದಿಲ್ಲ.